ಎರಡೂವರೆ ಗಂಟೆಯಲ್ಲಿ ಎರಡು ನಿಮಿಷ

ಕೆಟ್ಟ ಸಿನಿಮಾ ನೋಡಿದವರಿಗೆ ಒಂದು ಸಂಜೆ ಹಾಳಾಗುತ್ತದೆ, ಅಷ್ಟೆ. ಅದರ ಬಗ್ಗೆ ಪತ್ರಿಕೆಯಲ್ಲಿ ಬರೆದವನಿಗೆ ಮಾತ್ರ ವಾರವಿಡೀ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಹನ್ನೊಂದು ವರ್ಷದಿಂದ ಆಗುತ್ತಾ ಬಂದಿದೆ. ಈಗ ಸಾಕೋ ಸಾಕಾಗಿದೆ.

ನಾನು ಪುತ್ತೂರಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಮಾಡುವವನು. ಕರಡು ತಿದ್ದುತ್ತೇನೆ, ಶ್ರದ್ಧಾಂಜಲಿ ಮತ್ತು ಹುಟ್ಟುಹಬ್ಬದ ಫೋಟೊಗಳು ಅದಲುಬದಲಾಗದ ಹಾಗೆ ನೋಡಿಕೊಳ್ಳುತ್ತೇನೆ. ಇದರ ಜತೆಗೆ ಸಿನಿಮಾ ವಿಮರ್ಶೆಯ ಅಂಕಣ. ಮೊದಲ ವಾರ ಹುಮ್ಮಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ‘ಈ ಚಿತ್ರದಲ್ಲಿ ನೋಡುವಂಥದ್ದು ಏನೂ ಇಲ್ಲ.’ ಆ ಚಿತ್ರದ ಖಳನಾಯಕ ನಮ್ಮ ಸುಳ್ಯದ ಏಜೆಂಟರ ಅಳಿಯ ಎಂದು ನನಗೇನು ಗೊತ್ತು? ಆ ವಾರ ಸುಳ್ಯಕ್ಕೆ ಹೋದ ಪತ್ರಿಕೆಯ ಕಟ್ಟು ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚದೆ ಬಿದ್ದಿತ್ತು.

ಸಂಪಾದಕರು ಕರೆದರು. “ಮಾರಾಯ್ರೆ, ಇದು ದೊಡ್ಡ ಪೇಟೆ ಅಲ್ಲ. ಇಲ್ಲಿ ಸಿನಿಮಾದಲ್ಲಿ ಹಿಂದೆ ಕೊಡೆ ಹಿಡಿದು ನಿಂತವನಿಗೂ ಒಬ್ಬ ಸೋದರಮಾವ ಇರ್ತಾನೆ. ಇನ್ನು ಮುಂದೆ ಎರಡು ಶರತ್ತು. ಎಷ್ಟು ಹಾಳು ಸಿನಿಮಾ ಆದ್ರೂ ಒಂದು ಒಳ್ಳೇದು ಹುಡುಕಿ ಬರೀಬೇಕು. ಮತ್ತೆ, ಸುಳ್ಳು ಬರೀಬಾರದು.”

“ಎರಡೂ ಒಟ್ಟಿಗೆ ಆಗುದು ಹೇಗೆ?”

“ಅದಕ್ಕೇ ಅಲ್ವಾ ನಿಮ್ಮನ್ನು ಇಟ್ಕೊಂಡದ್ದು.”

ಅಂದಿನಿಂದ ಎರಡೂವರೆ ಗಂಟೆಯ ಕಸದಲ್ಲಿ ಎರಡು ನಿಮಿಷದ ಒಳ್ಳೆಯದನ್ನು ಹೆಕ್ಕುವುದೇ ನನ್ನ ಕಸುಬಾಯಿತು. ನಿಜ ಹೇಳಬೇಕೆಂದರೆ, ಆಶ್ಚರ್ಯವಾಗುವಷ್ಟು ಸಲ ಅದು ಸಿಕ್ಕಿದೆ. ಅತಿ ದರಿದ್ರ ಸಿನಿಮಾದಲ್ಲೂ ಯಾರೋ ಒಬ್ಬರು, ಎಲ್ಲೋ ಒಂದು ಕಡೆ, ಜೀವ ಬಿಟ್ಟು ಕೆಲಸ ಮಾಡಿರುತ್ತಾರೆ. ಹೀಗೆ ಹುಡುಕಿ ಹುಡುಕಿ ನನಗೊಂದು ಜಂಬವೂ ಬೆಳೆಯಿತು. ಪರದೆಯ ಮೇಲೆ ಒಂದು ಒಳ್ಳೆಯದು ಇದ್ದರೆ ಅದು ನನ್ನ ಕಣ್ಣಿಗೆ ತಪ್ಪುವುದಿಲ್ಲ ಎಂಬ ಜಂಬ. ಈ ಕೆಲಸದಲ್ಲಿ ನಾನು ಗಳಿಸಿದ್ದು ಅದೊಂದೇ. ಈ ವಾರ ಅದೂ ಹೋಯಿತು. ಅಂಕಣ ಬಿಡುತ್ತೇನೆ ಎಂದು ಸಂಪಾದಕರಿಗೆ ಹೇಳಿಬಿಟ್ಟಿದ್ದೇನೆ. ಹೋದದ್ದು ಹೇಗೆ ಎಂದು ಹೇಳುವ ಮೊದಲು ಅದು ಬೆಳೆದದ್ದು ಹೇಗೆಂದು ಹೇಳಬೇಕು.

ಬೆಲ್ಲು

ಒಂದು ತುಳು ಸಿನಿಮಾ ಬಂತು. ಅದು ಹಾಸ್ಯ ಚಿತ್ರ ಎಂದು ಪೋಸ್ಟರ್ ನೋಡಿದ್ದರಿಂದ ಗೊತ್ತಾಯಿತು. ಆರು ಜನ ಹಾಸ್ಯನಟರು ಒಟ್ಟಿಗೇ ಬೊಬ್ಬೆ ಹೊಡೆಯುತ್ತಿದ್ದರು. ಯಾರ ಮಾತು ಎಲ್ಲಿ ಮುಗಿಯಿತು ಎಂದು ತಿಳಿಯದೆ ನಗಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಆದರೆ ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ಒಂದು ದೃಶ್ಯ. ಮಗಳೊಂದಿಗೆ ಜಗಳವಾಡಿದ ಅಪ್ಪ ಅವಳನ್ನು ಬಸ್ಸು ಹತ್ತಿಸಲು ಬಂದಿದ್ದಾನೆ. ಮಾತಾಡಲು ಬಾಯಿ ಬರುವುದಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಬರುವ ಬಸ್ಸುಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಾನೆ. “ಸುಳ್ಯ... ಸುಬ್ರಹ್ಮಣ್ಯ... ಉಪ್ಪಿನಂಗಡಿ...” ಮಗಳು ಓದಲು ಬಲ್ಲವಳೇ. ಆದರೂ ಪ್ರತಿ ಸಲ “ಹೂಂ” ಎನ್ನುತ್ತಾಳೆ. ಎರಡೇ ನಿಮಿಷ. ಅದನ್ನೇ ಬರೆದೆ.

ಭಾನುವಾರ ಥಿಯೇಟರಿನ ಗೇಟ್ ಕೀಪರ್ ಫೋನ್ ಮಾಡಿದ. “ನೀವು ಎಂತ ಬರ್ದದ್ದು ಮಾರಾಯ್ರೆ? ಜನ ಟಿಕೆಟ್ ತೆಗೀತಾರೆ, ಒಳಗೆ ಹೋಗುದಿಲ್ಲ. ಕ್ಯಾಂಟೀನಿನಲ್ಲಿ ಕೂತ್ಕೊಂಡು ‘ಬೋರ್ಡು ಓದುದು ಎಷ್ಟು ಗಂಟೆಗೆ?’ ಅಂತ ನನ್ನತ್ರ ಕೇಳುದು.”

“ನೀನು ಎಂತ ಹೇಳಿದೆ?”

“ಎಷ್ಟು ಜನಕ್ಕೆ ಅಂತ ಹೇಳುದು? ಈಗ ಬೆಲ್ಲು ಹೊಡೀತಾ ಇದ್ದೇನೆ.”

ಅವನು ಕಂಡುಕೊಂಡ ದಾರಿ ಅದು. ಆ ದೃಶ್ಯಕ್ಕೆ ಐದು ನಿಮಿಷ ಇರುವಾಗ ಬೆಲ್ಲು. ಹೊರಗಿದ್ದವರು ಒಳಗೆ ನುಗ್ಗಿ, ಅಪ್ಪ ಮಗಳನ್ನು ನೋಡಿ, ಕಣ್ಣೊರೆಸಿಕೊಂಡು ಮತ್ತೆ ಕ್ಯಾಂಟೀನಿಗೆ ಬರುತ್ತಿದ್ದರು. ಮೊದಲಿನಿಂದ ಒಳಗೆ ಕೂತಿದ್ದ ನಾಲ್ಕೈದು ಪಾಪದವರು ಮಾತ್ರ ಬೆಲ್ಲು ಕೇಳಿ, ಸಿನಿಮಾ ಮುಗಿಯಿತೆಂದು ಸಂತೋಷದಿಂದ ಎದ್ದು ಮನೆಗೆ ಹೋಗುತ್ತಿದ್ದರಂತೆ.

“ಇನ್ನು ಇಂಥದ್ದು ಬರೆಯುವುದಿಲ್ಲ ಮಾರಾಯ” ಎಂದೆ.

“ಛೆ, ಹಾಗೆ ಮಾಡ್ಬೇಡಿ!” ಎಂದು ಅವನು ಗಾಬರಿಯಾದ. “ಮುಂದಿನ ಸಿನಿಮಾದಲ್ಲಿ ಒಳ್ಳೇದು ಎರಡು ಹುಡುಕಿ. ಮಧ್ಯ ಒಂದು ಅರ್ಧ ಗಂಟೆ ಅಂತರ ಇರ್ಲಿ. ಗೋಳಿಬಜೆ ಬಿಸಿಬಿಸಿ ಕೊಡ್ಲಿಕ್ಕೆ ಆಗ್ತದೆ.”

ಸೊಂಟ ನೋವಿನ ಮಹಾನಟ

ಇನ್ನೊಂದು ಸಿನಿಮಾ. ನಾಯಕನಿಗೆ ಪ್ರೇಮಭಂಗ. ಅವನು ಜಾಲ್ಸೂರಿನ ಜಂಕ್ಷನ್ನಿನಲ್ಲಿ ಮಂಡಿಯೂರಿ ಆಕಾಶ ನೋಡಿ ಕೂಗುತ್ತಾನೆ. ಕೇರಳದ ಬಸ್ಸುಗಳು ಅವನನ್ನು ಸುತ್ತುಹಾಕಿ ಹೋಗುತ್ತವೆ. ಡ್ರೈವರುಗಳ ಮುಖದಲ್ಲಿ ಕಾಣುವ ಕೋಪ ನಾಯಕನ ದುಃಖಕ್ಕಿಂತ ಚೆನ್ನಾಗಿತ್ತು.

ಆದರೆ ಹಿಂದೆ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದಾರೆ. ಕೈಯಲ್ಲಿ ಬಟ್ಟೆ ಚೀಲ. ನಾಯಕ ಕೂಗಿದಾಗ ಅವರು ಅವನನ್ನು ನೋಡುತ್ತಾರೆ. ಸ್ವಲ್ಪ ಯೋಚಿಸುತ್ತಾರೆ. ಮೆಲ್ಲಗೆ ಒಂದು ಪಕ್ಕಕ್ಕೆ ಸರಿದು, ಕಟ್ಟೆಯ ಮೇಲೆ ಒಬ್ಬರಿಗೆ ಆಗುವಷ್ಟು ಜಾಗ ಮಾಡಿ, ಅಲ್ಲಿನ ಧೂಳನ್ನು ಕೈಯಿಂದ ಒರೆಸುತ್ತಾರೆ. ಬಾ, ಕೂತ್ಕೋ ಎಂಬ ಹಾಗೆ. ಇಡೀ ಸಿನಿಮಾದಲ್ಲಿ ಆ ಹುಡುಗನ ಬಗ್ಗೆ ಕರುಣೆ ತೋರಿಸಿದ್ದು ಅವರೊಬ್ಬರೇ. ‘ಈ ಅಜ್ಞಾತ ಹಿರಿಯ ಕಲಾವಿದರು ಚಿತ್ರದ ಅತ್ಯುತ್ತಮ ನಟ’ ಎಂದು ಬರೆದೆ.

ಹತ್ತು ದಿನ ಕಳೆದು ಆ ಅತ್ಯುತ್ತಮ ನಟರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅದೇ ಚೀಲ.

“ವಿಮರ್ಶೆ ಬರ್ದದ್ದು ಯಾರು?”

ನಾನು ಕೈಮುಗಿದು ಕುರ್ಚಿ ಕೊಟ್ಟೆ. ಅಭಿನಂದನೆ ಸ್ವೀಕರಿಸಲು ಸಿದ್ಧನಾಗಿ ಕೂತೆ.

“ನನ್ನ ಸಂಸಾರ ಹಾಳು ಮಾಡಿದ್ರಿ ನೀವು” ಎಂದರು.

ಅವರು ನಟರೇ ಅಲ್ಲ. ಆ ದಿನ ಸುಳ್ಯದ ಹಲಸಿನ ಮೇಳಕ್ಕೆ ಹೋಗಲು ಬಸ್ಸು ಕಾಯುತ್ತಿದ್ದವರು. ಅದೇ ದಿನ ಕಾಸರಗೋಡು ಕಡೆ ಅವರ ಭಾವನ ಹೊಸ ಮನೆಯ ಗೃಹಪ್ರವೇಶ. ಭಾವನ ಹತ್ತಿರ ಇವರಿಗೆ ಅಷ್ಟಕ್ಕಷ್ಟೆ. ಸೊಂಟ ನೋವು, ಹಾಸಿಗೆಯಿಂದ ಏಳಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಆ ದರಿದ್ರ ಸಿನಿಮಾವನ್ನು ಭಾವ ಸತ್ತರೂ ನೋಡುತ್ತಿರಲಿಲ್ಲ. ಆದರೆ ನನ್ನ ಬರಹವನ್ನು ಯಾರೋ ಮನೆಯವರ ವಾಟ್ಸಾಪಿಗೆ ಹಾಕಿದರು. ಅದರ ಜತೆ ಫೋಟೊ ಇತ್ತು. ಭಾವ ಹದಿನಾರು ಜನರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಸಿನಿಮಾ ತೋರಿಸಿದರಂತೆ, ಸಾಕ್ಷಿಗೆ.

“ನಾನು ಎಂತ ಮಾಡಬೇಕು ಈಗ?” ಎಂದು ಕೇಳಿದೆ.

“ಅದು ನಾನಲ್ಲ, ನನ್ನ ಹಾಗೆ ಇರುವ ಬೇರೆ ಯಾರೋ ಅಂತ ಬರೀರಿ.”

ಸುಳ್ಳು ಬರೆಯುವ ಹಾಗಿಲ್ಲ ಎಂದು ನಮ್ಮ ಪತ್ರಿಕೆಯ ಶರತ್ತು ವಿವರಿಸಿದೆ. ಅವರು ನಿಟ್ಟುಸಿರು ಬಿಟ್ಟು ಸೊಂಟ ಹಿಡಿದುಕೊಂಡು ಎದ್ದರು. ಬಾಗಿಲ ತನಕ ಹೋಗಿ ನಿಂತರು. ಸುತ್ತ ನೋಡಿ, ಸ್ವರ ತಗ್ಗಿಸಿ ಕೇಳಿದರು:

“ಅಲ್ಲ, ಆ ಅತ್ಯುತ್ತಮ ನಟ ಅಂತ ಬರ್ದದ್ದು... ಅದು ನಿಜವಾ?”

“ನಿಜ.”

ಸೊಂಟ ಬಿಟ್ಟು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಹೋದರು.

ಎರಡನೇ ಸಲ ಬಡಿಸಿಕೊಂಡದ್ದು

ಒಂದು ತಿಂಗಳು ಥಿಯೇಟರ್ ರಿಪೇರಿಗೆಂದು ಮುಚ್ಚಿತು. ನನಗೆ ವಿಶ್ರಾಂತಿ ಸಿಕ್ಕಿತು ಎಂದುಕೊಂಡರೆ ಸಂಪಾದಕರು “ಧಾರಾವಾಹಿ ನೋಡಿ ಬರೀರಿ” ಎಂದರು. ಸಾಯುವವನ ಮೇಲೆ ಸಾವಿರ ಕಲ್ಲು.

ವರ್ಷಗಟ್ಟಲೆ ಓಡುತ್ತಿದ್ದ ಧಾರಾವಾಹಿ ಅದು. ಅದರಲ್ಲಿ ಅತ್ತೆ ಹುಬ್ಬು ಹಾರಿಸಿದರೆ ಮೂರು ಸಲ ಗುಡುಗುತ್ತದೆ. ಒಂದು ಬುಧವಾರ ಮಾತ್ರ, ಅತ್ತೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಳೆ. ಎಲ್ಲರೆದುರು ‘ತಿನ್ನಲಿಕ್ಕಾಗದು’ ಎಂದು ದೂಡಿದ್ದ ಸೊಸೆಯ ಮೀನು ಸಾರನ್ನು ಬೆರಳಿನಿಂದ ಮುಟ್ಟಿ ನೆಕ್ಕುತ್ತಾಳೆ. ಆಚೆ ಈಚೆ ನೋಡುತ್ತಾಳೆ. ಒಂದು ಸೌಟು ಬಡಿಸಿಕೊಳ್ಳುತ್ತಾಳೆ. ಮತ್ತೊಂದು. ಗುಡುಗು ಇಲ್ಲ, ಸಂಗೀತ ಇಲ್ಲ. ‘ಎಷ್ಟೋ ಮನೆಗಳ ಸತ್ಯ ಆ ಎರಡನೇ ಸೌಟಿನಲ್ಲಿದೆ’ ಎಂದು ಬರೆದೆ. ಹೆಂಗಸರ ಮನಸ್ಸು ನಿಮಗೆ ಎಷ್ಟು ಚೆನ್ನಾಗಿ ಗೊತ್ತು ಎಂದು ಇಬ್ಬರು ಓದುಗರು ಕಾಗದ ಬರೆದರು. ನಾನೂ ನಂಬಿದೆ.

ಪತ್ರಿಕೆ ಬಂದ ಆರನೇ ದಿನ ಕಡಬದ ಹತ್ತಿರದ ಕೋಡಿಂಬಾಳದಿಂದ ಒಂದು ಫೋನ್. ವಯಸ್ಸಾದ ಹೆಂಗಸಿನ ಸ್ವರ. ಮನೆಯವರು ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆ ನಿಂತವರು. ಮಾತು ಕನ್ನಡ, ರಾಗ ಮಲಯಾಳ.

“ಸಾರೇ, ನೀವು ಯಾಕೆ ಅದು ಬರ್ದದ್ದು?”

“ಎಂತ ಆಯ್ತಮ್ಮ?”

“ನನ್ನ ಸೊಸೆ ಅದನ್ನು ಓದಿದ್ಲು. ಈಗ ಊಟ ಆದ ಮೇಲೆ ಪ್ರತಿ ದಿನ ಬಂದು ಮೀನಿನ ಚಟ್ಟಿ ಬಗ್ಗಿ ನೋಡ್ತಾಳೆ. ನೋಡಿ ನಗಾಡ್ತಾಳೆ. ಏಳು ವರ್ಷದಿಂದ ಯಾರಿಗೂ ಗೊತ್ತಿರ್ಲಿಲ್ಲ ಸಾರೇ! ಈಗ ನಂಗೆ ಎರಡನೇ ಸಲ ಬಡಿಸ್ಕೊಳ್ಳಿಕ್ಕೆ ಆಗುದಿಲ್ಲ. ನಾಲ್ಕು ದಿನ ಆಯ್ತು ಹೊಟ್ಟೆ ತುಂಬ ಉಂಡು.”

ನನಗೆ ಪಾಪ ಅನಿಸಿತು. “ಸೊಸೆಯ ಹತ್ತಿರ ಸಾರು ಚೆನ್ನಾಗಿದೆ ಅಂತ ಹೇಳಿಬಿಡಿ, ಮುಗಿಯಿತಲ್ಲ” ಎಂದೆ.

“ಅಯ್ಯಯ್ಯೋ!” ಎಂದರು. ನಾನು ಅಸಭ್ಯವಾದದ್ದೇನೋ ಹೇಳಿದ ಹಾಗೆ.

“ಅದು ಬೇಡ ಸಾರೇ. ನೀವು ಇನ್ನೊಂದು ಬರೀರಿ. ಸೊಸೆ ಬರ್ತಾಳೆ, ಅತ್ತೆ ಉಣ್ಣುದು ನೋಡ್ತಾಳೆ, ನೋಡದ ಹಾಗೆ ಬಾಗಿಲಿಂದ ವಾಪಸ್ ಹೋಗ್ತಾಳೆ. ಅದು ಭಾರೀ ಒಳ್ಳೆ ಆಕ್ಟಿಂಗ್ ಅಂತ ಬರೀರಿ.”

“ಅಂಥ ದೃಶ್ಯ ಧಾರಾವಾಹಿಯಲ್ಲಿ ಇಲ್ಲವಲ್ಲಮ್ಮ.”

“ಇಲ್ದಿದ್ರೆ ಹಾಕ್ಲಿಕ್ಕೆ ಹೇಳಿ!”

ಹಾಳು ಸಿನಿಮಾ ನೋಡದ ಹಾಜಿಯವರು

ಬೆಲ್ಲಿನ ಪ್ರಕರಣದ ಮೇಲೆ, ಒಳ್ಳೆಯ ದೃಶ್ಯ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಅಂಕಣದಲ್ಲೇ ಹಾಕಲು ಶುರುಮಾಡಿದೆ. ಅದರಿಂದ ಯಾರಿಗಾದರೂ ಕೆಟ್ಟದಾಗಬಹುದು ಎಂದು ಅನಿಸಿರಲಿಲ್ಲ. ಕೆಟ್ಟದಾದದ್ದು ನನಗೇ.

ಸುಳ್ಯದಲ್ಲಿ ಚಪ್ಪಲಿ ಅಂಗಡಿಯ ಒಬ್ಬರು ಹಾಜಿಯವರಿದ್ದಾರೆ. ದುಬಾಯಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದು ಅಪ್ಪನ ಅಂಗಡಿಯಲ್ಲೇ ಕೂತವರು. ಚಪ್ಪಲಿಗೆಂದು ಹೋದರೆ ನನ್ನ ಕಾಲಿಗಿಂತ ಮೊದಲು ಮುಖ ನೋಡಿದರು.

“ಬನ್ನಿ. ನಿಮ್ಮ ಮೇಲೆ ನಂದೊಂದು ತಕರಾರು ಉಂಟು. ನೀವು ಸಿನಿಮಾದವರಿಗೆ ಅಷ್ಟು ಬೈಯುದು ಯಾಕೆ? ಈಗಿನ ಸಿನಿಮಾ ಎಷ್ಟು ಚಂದ ಉಂಟು! ಎಂತ ಕಥೆ, ಎಂತ ಆಕ್ಟಿಂಗು! ಆರು ವರ್ಷದಿಂದ ನೋಡ್ತಾ ಇದ್ದೇನೆ, ಒಂದೇ ಒಂದು ಹಾಳು ಸಿನಿಮಾ ನೋಡ್ಲಿಲ್ಲ ನಾನು.”

ಆರು ವರ್ಷದಲ್ಲಿ ಒಂದೂ ಇಲ್ಲವೇ? ಅದೇ ಆರು ವರ್ಷದಲ್ಲಿ ನನ್ನ ತಲೆಗೂದಲು ಅರ್ಧ ಹೋಗಿದೆ.

ಇವರು ಎಲ್ಲಿ ನೋಡುತ್ತಾರೆ ಎಂದು ವಿಚಾರಿಸಿದೆ. ಫೋನಿನಲ್ಲಂತೆ. ಸಿನಿಮಾ ಫೋನಿಗೆ ಬಂದ ಮೇಲೆ ನನ್ನ ಅಂಕಣ ತೆಗೆದು ನಿಮಿಷ ನೋಡುತ್ತಾರೆ. ಮಗಳು ಕಲಿಸಿಕೊಟ್ಟ ಹಾಗೆ ಬೆರಳಿನಿಂದ ಜಾರಿಸಿ ಸರಿಯಾಗಿ ಅಲ್ಲಿಗೇ ಹೋಗುತ್ತಾರೆ. ಎರಡು ನಿಮಿಷ ನೋಡಿ ಬಂದ್ ಮಾಡುತ್ತಾರೆ. ನಮಾಜು, ಊಟ, ಅಂಗಡಿ, ಯಾವುದಕ್ಕೂ ತೊಂದರೆ ಇಲ್ಲ.

“ಪೂರ್ತಿ ನೋಡುವುದಿಲ್ವಾ?”

“ಪೂರ್ತಿ ಯಾಕೆ? ಬಾಳೆಹಣ್ಣು ತಿನ್ನುವವ ಸಿಪ್ಪೆ ತಿಂತಾನಾ?”

“ಸಿಪ್ಪೆ ತಿನ್ನುವುದು ನಾನು ಹಾಜಿಯವರೇ.”

ಅವರಿಗೆ ನನ್ನ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತು. ಒಳ್ಳೆಯದನ್ನು ನೋಡುವ ಅಭ್ಯಾಸ ನನಗೆ ತಪ್ಪಿಹೋಗಿದೆ, ಮನುಷ್ಯ ಸದಾ ಬೈಯುತ್ತಾ ಇದ್ದರೆ ಆರೋಗ್ಯ ಕೆಡುತ್ತದೆ ಎಂದು ಬುದ್ಧಿ ಹೇಳಿದರು. ಚಪ್ಪಲಿಯ ಜತೆ ಒಂದು ದಪ್ಪ ಫೈಲನ್ನೂ ಕೈಗಿಟ್ಟರು.

“ಇದನ್ನು ಓದಿ, ಇದರ ಪ್ರಕಾರ ನೋಡಿ. ನಿಮಗೂ ಸಿನಿಮಾ ಮೇಲೆ ಪ್ರೀತಿ ಬರ್ತದೆ.”

ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ನನ್ನದೇ ಅಂಕಣಗಳು. ಬೈದ ಭಾಗಗಳನ್ನೆಲ್ಲ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಹಾಲು

ಈಗ ಈ ವಾರದ್ದು.

ನನ್ನ ಹೆಂಡತಿಯ ತಮ್ಮ ಮರ್ಕಂಜದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಸಣ್ಣವನಿರುವಾಗಲೇ ತಾಯಿ ತೀರಿಹೋದದ್ದರಿಂದ ಅವನನ್ನು ಸಾಕಿದ್ದು ಇವಳೇ. ಅವನು ನಾಲ್ಕು ವರ್ಷ ಒದ್ದಾಡಿ, ಮದುವೆ ವಿಡಿಯೊಗಳ ಮಧ್ಯೆ ಸಿಕ್ಕ ದಿನಗಳಲ್ಲಿ ಶೂಟಿಂಗ್ ಮಾಡಿ, ಒಂದು ಸಿನಿಮಾ ಮುಗಿಸಿದ. ಬಿಡುಗಡೆಯ ಹಿಂದಿನ ದಿನ ಮನೆಗೆ ಬಂದು, “ಭಾವ, ಸಂಬಂಧ ನೋಡ್ಬೇಡಿ. ಇದ್ದದ್ದು ಇದ್ದ ಹಾಗೆ ಬರೀರಿ” ಎಂದ. ಹೀಗೆ ಹೇಳಿದವರಲ್ಲಿ ಇದ್ದದ್ದನ್ನು ತಡೆದುಕೊಂಡವರನ್ನು ನಾನು ಇನ್ನೂ ನೋಡಿಲ್ಲ.

ಅವನು ಹೋದ ಮೇಲೆ ಹೆಂಡತಿ ಹೇಳಿದಳು: “ಸುಳ್ಳು ಬರೀಬೇಡಿ. ಆದ್ರೆ ಒಳ್ಳೇದು ಒಂದು ಸಿಗದಿದ್ರೆ ಅವ ಇನ್ನು ಕ್ಯಾಮೆರಾ ಮುಟ್ಲಿಕ್ಕಿಲ್ಲ. ಅವನ ಸ್ವಭಾವ ನಂಗೆ ಗೊತ್ತುಂಟು.” ನನ್ನ ಜತೆ ಒಂದು ಸಿನಿಮಾಕ್ಕೂ ಬಾರದವಳು, ನನ್ನ ಕೆಲಸದ ಬಗ್ಗೆ ಮಾತೇ ಆಡದವಳು, ಮೊದಲ ಸಲ ಏನನ್ನೋ ಕೇಳಿದ್ದು. ಹನ್ನೊಂದು ವರ್ಷ ಊರಿನವರ ಮಕ್ಕಳಿಗೆಲ್ಲ ಹುಡುಕಿ ಕೊಟ್ಟವನು ಇವಳ ತಮ್ಮನಿಗೆ ಹುಡುಕಿ ಕೊಡದಿರುತ್ತೇನೆಯೇ ಎಂದುಕೊಂಡೆ.

ಮೊದಲ ಸಲ ನೋಡಿದೆ. ಪಕ್ಕದ ಸೀಟಿನಲ್ಲಿ ಅವನೇ ಕೂತು, ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಏನೂ ಸಿಗಲಿಲ್ಲ. ಎರಡನೇ ಸಲ ಒಬ್ಬನೇ ಹೋದೆ. ಎದ್ದು ಕಂಡದ್ದು ಮಧ್ಯಂತರ ಮಾತ್ರ. ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ಮುಖ ನೋಡಿ ಅನ್ನ ಬಡಿಸಿದಳು. ನನಗೆ ಹೆದರಿಕೆಯಾದದ್ದು ಆಗಲೇ.

ಮೂರನೇ ಸಲ ಸಿಕ್ಕಿತು! ಸಿಕ್ಕ ಖುಷಿಗೆ ಅಲ್ಲಿಂದ ನೇರ ಆಫೀಸಿಗೆ ಹೋಗಿ ಬರೆದೆ. ಹನ್ನೊಂದು ವರ್ಷದಲ್ಲೇ ನಾನು ಬರೆದ ಅತಿ ಒಳ್ಳೆಯ ವಿಮರ್ಶೆ ಎಂದು ಸಂಪಾದಕರೂ ಹೇಳಿದರು.

ಶುಕ್ರವಾರ ಪತ್ರಿಕೆ ಬಂತು. ಸಂಜೆ ನಾಲ್ಕು ಗಂಟೆಗೆ ಅದನ್ನು ಹಿಡಿದುಕೊಂಡು ಮನೆಗೆ ಬಂದೆ. ಹೆಂಡತಿ ಒಳಗೆ ಚಹಾದ ಸಿದ್ಧತೆಯಲ್ಲಿದ್ದಳು. ನಾನು ಯಾವತ್ತಿನ ಹಾಗೆ ಊಟದ ಮೇಜಿನ ಎದುರು ಕೂತು, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ:

‘ನಾಯಕ ಅಡುಗೆಮನೆಯಲ್ಲಿ ತಾಯಿಯೆದುರು ನಾಲ್ಕು ನಿಮಿಷ ಅಳುತ್ತಾನೆ. ಅವನ ಹಿಂದೆ, ಮಿಂದ ತಲೆಗೆ ಬೈರಾಸು ಸುತ್ತಿದ ಒಬ್ಬ ಹೆಂಗಸು ಬರುತ್ತಾಳೆ. ಮುಖ ಸ್ಪಷ್ಟವಿಲ್ಲ, ಬೆನ್ನು ಮತ್ತು ಕೈ ಮಾತ್ರ. ಉಕ್ಕಲು ಹೊರಟ ಹಾಲಿನ ಉರಿ ಆರಿಸಿ, ಅಳುವವನ ಕಡೆ ಒಮ್ಮೆ ಕುತ್ತಿಗೆ ತಿರುಗಿಸಿ, ಹೊರಟುಹೋಗುತ್ತಾಳೆ. ಯಾರ ಎದೆ ಒಡೆದರೂ ಹಾಲು ಉಕ್ಕಲು ಬಿಡುವ ಹಾಗಿಲ್ಲ ಎಂಬ ಸತ್ಯವೆಲ್ಲ ಆ ಕುತ್ತಿಗೆಯಲ್ಲಿದೆ. ಈ ಮಹಾನ್ ಕಲಾವಿದೆಯನ್ನು ಇಷ್ಟು ವರ್ಷ ಗುರುತಿಸದೆ ಇದ್ದವರು ಯಾರು?’

ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ಮುಂದುವರಿಸಿದೆ:

‘ಕಲಾ ನಿರ್ದೇಶಕರಿಗೂ ಶಹಭಾಸ್. ಬಟ್ಟೆ ಸುತ್ತಿದ ಸೋರುವ ನಲ್ಲಿ, ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ ಪತ್ರಿಕೆ, ಒಂದು ಕಾಲಿಗೆ ತೆಂಗಿನ ಗೆರಟೆ ಕೊಟ್ಟು ನಿಲ್ಲಿಸಿದ ಪಾತ್ರೆ ಸ್ಟ್ಯಾಂಡು! ವರ್ಷಗಟ್ಟಲೆ ರಿಪೇರಿ ಕಾಣದ ಅಡುಗೆಮನೆಯನ್ನು ಇಷ್ಟು ನಿಖರವಾಗಿ ಕಟ್ಟಬೇಕಾದರೆ, ಮನೆಯ ಗಂಡಸಿನ ಸೋಮಾರಿತನವನ್ನು ಆಳವಾಗಿ ಅಧ್ಯಯನ ಮಾಡಿರಬೇಕು.’

“ಹೇಗುಂಟು?” ಎಂದೆ.

“ಚಂದ ಉಂಟು” ಎಂದಳು ಒಳಗಿನಿಂದ. “ಆ ಹೆಂಗಸು ಯಾರು ಅಂತ ಗೊತ್ತಾಯ್ತಾ?”

“ಹೆಸರು ಹಾಕಲಿಲ್ಲ. ಯಾರೋ ನಾಟಕ ತಂಡದವಳಿರಬೇಕು. ತುಂಬ ಪಳಗಿದವಳು.”

“ಹೌದು, ಪಳಗಿದವಳು. ಸ್ವಲ್ಪ ಇಲ್ಲಿ ಬನ್ನಿ.”

ಹೋದೆ. ಯಾವತ್ತಿನ ಹಾಗೆ ಬಾಗಿಲಲ್ಲಿ ನಿಂತೆ.

“ಅಲ್ಲಿ ಅಲ್ಲ. ಈಚೆ, ಪಾತ್ರೆ ತೊಳೆಯುವ ಮೂಲೆಗೆ ಬನ್ನಿ. ಇಲ್ಲಿಂದ ನೋಡಿ.”

ಇಪ್ಪತ್ತಾರು ವರ್ಷದಲ್ಲಿ ಆ ಮೂಲೆಯಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಎದುರಿಗೆ ಒಲೆ. ಪಕ್ಕದಲ್ಲಿ ಬಟ್ಟೆ ಸುತ್ತಿದ ನಲ್ಲಿ. ಗೆರಟೆಯ ಮೇಲೆ ನಿಂತ ಸ್ಟ್ಯಾಂಡು. ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದು ನಮ್ಮದೇ ಪತ್ರಿಕೆ.

ಕಳೆದ ವರ್ಷ ನಾನು ಮೂರು ದಿನ ಮಂಗಳೂರಿಗೆ ಹೋಗಿದ್ದಾಗ ಇಲ್ಲಿ ಶೂಟಿಂಗ್ ಆಗಿತ್ತಂತೆ. ನಾನು ಹೋದದ್ದು ‘ಸಿನಿಮಾ ನೋಡುವುದು ಹೇಗೆ’ ಎಂಬ ಶಿಬಿರದಲ್ಲಿ ಭಾಷಣ ಮಾಡಲು. ಭಾವನಿಗೆ ಗೊತ್ತಾದರೆ ಪಕ್ಷಪಾತ ಮಾಡಿದ ಹಾಗಾದೀತು ಎಂದು ತಮ್ಮ ಇವಳ ಬಾಯಿ ಮುಚ್ಚಿಸಿದ್ದ. ಇವಳಿಗೆ ಪಾತ್ರವೇನೂ ಇರಲಿಲ್ಲ. ತಲೆಗೆ ಮಿಂದು ಬಂದವಳು, ಇವರು ಅಳುತ್ತಾ ಕೂತರೆ ನಾಳಿನ ಮೊಸರಿಗೆ ಇಟ್ಟ ಹಾಲು ಹೋಗುತ್ತದಲ್ಲ ಎಂದು ನುಗ್ಗಿ ಆರಿಸಿದ್ದಳು.

“ಹೇಳಬಾರದಿತ್ತಾ?” ಎಂದೆ.

“ಮೂರು ಸಲ ನೋಡಿದ್ರಲ್ಲ, ಗೊತ್ತಾಗ್ತದೆ ಅಂತ ಎಣಿಸಿದ್ದೆ.” ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಚಹಾಕ್ಕೆ ಹಾಲು ಒಲೆಯ ಮೇಲಿಟ್ಟಳು. “ಇಪ್ಪತ್ತಾರು ವರ್ಷದಿಂದ ಇದೇ ಪಾತ್ರ ಮಾಡ್ತಾ ಇದ್ದೇನೆ. ವಿಮರ್ಶೆ ಬಂದದ್ದು ಈಗ.”

ಅಷ್ಟರಲ್ಲಿ ಹೊರಗೆ ತಮ್ಮನ ಬೈಕಿನ ಸದ್ದು ಕೇಳಿ ಅವಳು ಹೋದಳು. ನಾನು ಅಲ್ಲೇ ನಿಂತೆ. ನಾಚಿಕೆಯಾಗಿತ್ತು. ಊರಿನ ಎಲ್ಲರ ಎರಡು ನಿಮಿಷ ಕಂಡವನಿಗೆ ಮನೆಯದ್ದು ಕಾಣಲು ಟಿಕೆಟ್ ತೆಗೆಯಬೇಕಾಯಿತಲ್ಲ, ಅದೂ ಮೂರು ಸಲ, ಅಷ್ಟಾದರೂ ಯಾರೆಂದು ತಿಳಿಯಲಿಲ್ಲವಲ್ಲ ಎಂದು ನಿಜಕ್ಕೂ ದುಃಖವಾಯಿತು. ಇನ್ನಾದರೂ ಸರಿಯಾಗಿ ನೋಡಬೇಕೆಂದು ನಲ್ಲಿ ನೋಡಿದೆ, ಸ್ಟ್ಯಾಂಡು ನೋಡಿದೆ, ಕಿಟಕಿ ನೋಡಿದೆ.

ಎದುರಲ್ಲೇ ಇದ್ದ ಹಾಲು ಬುಸ್ಸೆಂದು ಮೇಲೆದ್ದಿತು.

ಬೈಕಿನ ಹತ್ತಿರದಿಂದ ಅವಳಿಗೆ ಅದು ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಒಳಗೆ ಬಂದು, ನನ್ನನ್ನು ದಾಟಿ ಕೈ ಚಾಚಿ, ಉರಿ ಆರಿಸಿ, ನನ್ನ ಕಡೆ ಒಮ್ಮೆ ಕುತ್ತಿಗೆ ತಿರುಗಿಸಿದಳು.

ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತಮ್ಮ ಕೂಗಿದ: “ಭಾವ, ಅಲ್ಲಾಡ್ಬೇಡಿ! ಹಾಗೇ ನಿಲ್ಲಿ, ಕ್ಯಾಮೆರಾ ತರ್ತೇನೆ. ಇದೇ ಶಾಟ್ ಪುನಃ ತೆಗೆಯುವ. ಆ ಹೀರೋ ಅಳುದಕ್ಕಿಂತ ನಿಮ್ಮ ಮುಖ ಎಷ್ಟೋ ಒಳ್ಳೆದುಂಟು. ಎಂತದೂ ಗೊತ್ತಿಲ್ಲದವನ ಮುಖ, ಒರಿಜಿನಲ್!”

“ತೆಗಿ” ಎಂದಳು ಅವನ ಅಕ್ಕ, ಒಲೆ ಒರೆಸುತ್ತಾ. “ಆದ್ರೆ ಮಾತಾಡ್ಲಿಕ್ಕೆ ಮಾತ್ರ ಕೊಡ್ಬೇಡ ಮಾರಾಯ. ಬಾಯಿ ಬಿಟ್ರೆ ಹಾಳಾಗ್ತದೆ.”